ಕತ್ತಲಲ್ಲಿ ಮೊದಲು ನಕ್ಕವರು

ಆ ಚಿತ್ರಮಂದಿರದ ಕುರ್ಚಿಗಳು ಕೆಂಪಾಗಿದ್ದವೋ ನೀಲಿಯಾಗಿದ್ದವೋ, ಪ್ರಮಾಣ ಮಾಡಿ ಹೇಳಲಾರೆ. ದಿನಚರಿಯಲ್ಲಿ ಕೆಂಪು ಎಂದು ಬರೆದಿದ್ದೇನೆ, ಆದರೆ ನನ್ನ ದಿನಚರಿಯನ್ನು ನಂಬುವಷ್ಟು ಮುಗ್ಧಳಲ್ಲ ನಾನು. ಒಂದು ಸಂಗತಿಯಲ್ಲಿ ಮಾತ್ರ ಸಂಶಯವಿಲ್ಲ: ಹಳೆಯ ಚಿತ್ರಗಳನ್ನೇ ತೋರಿಸುವ ತಿರುವನಂತಪುರದ ಆ ಮಂದಿರದಲ್ಲಿ ಹಾಸ್ಯಚಿತ್ರವನ್ನು ಯಾರೂ ನಕ್ಕು ನೋಡುವುದಿಲ್ಲ. ಗಡ್ಡ ನೀವಿಕೊಂಡು, ಕೈಕಟ್ಟಿ, ಆಮೇಲಿನ ಚರ್ಚೆಗೆ ವಾಕ್ಯ ಜೋಡಿಸಿಕೊಳ್ಳುತ್ತ, ತರ್ಪಣ ಬಿಡುವವರ ಗಾಂಭೀರ್ಯದಿಂದ ನೋಡುತ್ತಾರೆ. ನಾನೂ ಅದೇ ಪಂಗಡದವಳು. ಕಳಮಶ್ಶೇರಿಯ ವಿದ್ಯಾರ್ಥಿಗಳಿಗೆ ಹಾಸ್ಯರಸದ ಲಕ್ಷಣ ಪಾಠ ಮಾಡಿ ಒಬ್ಬರನ್ನೂ ನಗಿಸದ ಕೀರ್ತಿ ನನ್ನದು.

ಅಂದು ಜೊತೆಗಿದ್ದವರು ನನ್ನ ಸೋದರತ್ತೆ, ಕಾಸರಗೋಡಿನಿಂದ ಮದುವೆಯಾಗಿ ಬಂದು ಈ ಊರಿನಲ್ಲಿ ನೆಲೆಸಿದವರು; ಕಾಲೇಜಿನ ರಜೆಗೆ ನಾನು ಅವರ ಮನೆಯಲ್ಲಿದ್ದೆ. ಮಾವ ತೀರಿಕೊಂಡು ವರ್ಷಾಂತಿಕ ಇನ್ನೂ ಆಗಿರಲಿಲ್ಲ. ಸಿನಿಮಾ ಎಂದಾಗ ಅವರ ಮಗ, ಅಂದರೆ ನನ್ನ ಭಾವ, "ಈ ವರ್ಷ ಅಮ್ಮ ಎಲ್ಲಿಗೂ ಬರುವ ಹಾಗಿಲ್ಲ" ಎಂದಿದ್ದರು. ಅತ್ತೆ ಆಗಲೇ ಚಪ್ಪಲಿ ಮೆಟ್ಟಿದ್ದರು.

ಅದೊಂದು ಕಪ್ಪು-ಬಿಳುಪಿನ ಬ್ರಿಟಿಷ್ ಚಿತ್ರ. ಮಳೆಯಲ್ಲಿ ಘನಗಂಭೀರ ಅಧಿಕಾರಿಯೊಬ್ಬ ಕೊಳಕ್ಕೆ ಜಾರಿ, ಎದೆಮಟ್ಟದ ನೀರಿನಲ್ಲಿ ನಿಂತರೂ, ತಲೆ ನೆನೆಯಬಾರದೆಂದು ಛತ್ರಿಯನ್ನು ನೆಟ್ಟಗೆ ಹಿಡಿದೇ ಇದ್ದ. ಆಗ ನಮ್ಮ ಸಾಲಿನಿಂದ ನಗು ಹೊರಟಿತು; ಸಭ್ಯವಾದ ಮುಗುಳ್ನಗೆಯಲ್ಲ, ಕುಕ್ಕರಿನ ಸೀಟಿಯಂಥದ್ದು. ಒಂದಕ್ಕೆ ಇನ್ನೊಂದು ಸೇರಿತು; ಯಾವುದು ಯಾರದೋ ಕತ್ತಲಲ್ಲಿ ತಿಳಿಯಲಿಲ್ಲ. ಮುಂದಿನ ಸಾಲಿನ ಗಡ್ಡ ತಿರುಗಿ, "ಚೇಚೀ, ಒನ್ನು ಪದುಕ್ಕೆ!" ಎಂದು ಮಲಯಾಳದಲ್ಲಿ ಗದರಿತು.

"ಎಂತದು ಮೆಲ್ಲಗೆ? ನಗಲಿಕ್ಕೇ ಅಲ್ಲವಾ ಇದನ್ನು ಮಾಡಿದ್ದು?" ಎಂದರು ಅತ್ತೆ ಅಪ್ಪಟ ಕನ್ನಡದಲ್ಲಿ, ಆತನಿಗೆ ಅರ್ಥವಾಗುವಷ್ಟು ಜೋರಾಗಿ.

ಮನೆ ಮುಟ್ಟಿದಾಗಲೂ ಅವರ ಕಣ್ಣು ಒದ್ದೆ. "ಅಮ್ಮನನ್ನು ಅಳಿಸಿದೆಯಾ?" ಎಂದರು ಭಾವ.

"ಅಲ್ಲ, ನಗಿಸಿದ್ದು" ಎಂದೆ. ಅದು ಇನ್ನೂ ದೊಡ್ಡ ಅಪರಾಧವಾಯಿತು.

"ಅಪ್ಪ ಹೋಗಿ ವರ್ಷ ಆಗಲಿಲ್ಲ. ಜನ ಎಂತ ಹೇಳಬೇಕು?"

"ಮೊದಲು ನಕ್ಕದ್ದು ನಾನು. ಅತ್ತೆ ಜೊತೆಗೂಡಿದರು ಅಷ್ಟೆ" ಎಂದು ಹೊಣೆ ಹೊತ್ತುಕೊಂಡೆ. ಅತ್ತೆಗೆ ನನ್ನ ಈ ತ್ಯಾಗ ಸ್ವಲ್ಪವೂ ರುಚಿಸಲಿಲ್ಲ.

"ಇವಳ ಮಾತು ಕೇಳಬೇಡ, ನಾನೇ ನಕ್ಕದ್ದು. ತಂಬಾನೂರಿನಲ್ಲಿ ನೆರೆ ಬಂದ ದಿನ ನಿನ್ನಪ್ಪ ಸೊಂಟಮಟ್ಟ ನೀರಲ್ಲಿ ಹಾಗೆಯೇ ಛತ್ರಿ ಹಿಡಿದು ಬಂದವರಲ್ಲವಾ? ಅವರೆದುರೇ ನಕ್ಕಿದ್ದೆ. ಈಗ ಯಾರನ್ನು ಕೇಳಿ ನಗಬೇಕು?"

ಭಾವ ಮುಖ ತಿರುಗಿಸಿದರು. ಅವರ ಭುಜ ಅಲುಗಿದ್ದು ನಗುವಿಗೋ ಅಳುವಿಗೋ, ದಿನಚರಿಯಲ್ಲಿಲ್ಲ.

ಮುಂದಿನ ಭಾನುವಾರ ಮತ್ತೊಂದು ನಗೆಚಿತ್ರ, ಮತ್ತೆ ಹೋದೆವು. ಕುರ್ಚಿಗಳು ಈ ಸಲ ನೀಲಿಯಾಗಿ ಕಂಡವು, ದಿನಚರಿಯನ್ನು ತಿದ್ದಲು ಹೋಗಲಿಲ್ಲ. ಅದೇ ಗಡ್ಡ ಬಂದಿತ್ತು. ಅತ್ತೆ ಬೇಕೆಂದೇ ಅದರ ಹಿಂದಿನ ಕುರ್ಚಿಯನ್ನೇ ಹಿಡಿದರು. ದೀಪ ಆರುತ್ತಿದ್ದಂತೆ ಅವರ ಕಿವಿಯಲ್ಲಿ ಕೇಳಿದೆ:

"ನಿಜ ಹೇಳಿ ಅತ್ತೆ, ಅವತ್ತು ಮೊದಲು ನಕ್ಕದ್ದು ನೀವಾ, ನಾನಾ?"