ಬಾರದ ಎಮ್ಮೆಗೆ ಬ್ರೇಕು

ಚನ್ನರಾಯಪಟ್ಟಣದ ಸುತ್ತಮುತ್ತ ಕಾರು ಓಡಿಸುವವರಲ್ಲಿ ಅರ್ಧದಷ್ಟು ಜನರ ಎಡಗಿವಿಯಲ್ಲಿ ದೇವರಾಜು ಮೇಷ್ಟ್ರ ದನಿ ಇಂದಿಗೂ ಕೇಳಿಸುತ್ತದೆಯಂತೆ. ಎಡಗಿವಿಯೇ ಏಕೆಂದರೆ ಮೇಷ್ಟ್ರು ಕೂರುವುದು ಎಡಗಡೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಮುಂದೆ ಸ್ಟೀರಿಂಗು, ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ಎಲ್ಲವೂ ಇರುತ್ತವೆ; ಕಲಿಸುವವರ ಕಾಲಡಿಯಲ್ಲಿ ಇರುವುದು ಕ್ಲಚ್ಚು ಮತ್ತು ಬ್ರೇಕು ಮಾತ್ರ. ಅಂದರೆ ಗುರುವಾದವನು ಗಾಡಿಯನ್ನು ನಿಲ್ಲಿಸಬಲ್ಲ, ಓಡಿಸಲಾರ. ಈ ಏರ್ಪಾಟಿನಲ್ಲಿ ಆಳವಾದ ತತ್ತ್ವವೊಂದು ಅಡಗಿದೆಯೆಂದು ಮೇಷ್ಟ್ರು ನಂಬಿದ್ದರು. ಅದನ್ನು ಜೋಡಿಸಿಕೊಟ್ಟ ಹಾಸನದ ಮೆಕ್ಯಾನಿಕ್ಕು ಮಾತ್ರ, ಮೂರನೆಯ ಪೆಡಲಿಗೆ ಜಾಗ ಸಾಲಲಿಲ್ಲ ಎಂದಷ್ಟೇ ಹೇಳಿದ್ದ.

ಮೇಷ್ಟ್ರು ನುಗ್ಗೇಹಳ್ಳಿಯವರು. ಮೀಸೆ ಚಿಗುರುವ ಮೊದಲೇ ತೆಂಗಿನಕಾಯಿ ಲಾರಿಯ ಕ್ಲೀನರಾಗಿ ಸೇರಿ, ಮುಂದೆ ಅದೇ ಲಾರಿಯ ಡ್ರೈವರಾಗಿ, ಒಡಹುಟ್ಟಿದ ತಮ್ಮ ಕುಮಾರನಿಗೆ ಮಗಳು ಹುಟ್ಟಿದ ವರ್ಷ ಹಳೆಯ ಕಾರೊಂದನ್ನು ಕೊಂಡು ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಶಾಲೆ ತೆರೆದರು. ತಮಗೆ ಮಕ್ಕಳಿರಲಿಲ್ಲವಾದ್ದರಿಂದ ಆ ಕೂಸಿನ ಹೆಸರನ್ನೇ ಶಾಲೆಗಿಟ್ಟರು: ನಿಸರ್ಗ ಡ್ರೈವಿಂಗ್ ಸ್ಕೂಲ್. ಅಂದಿನಿಂದ ಎಡಗಡೆಯ ಸೀಟೇ ಅವರ ಪೀಠವಾಯಿತು. ಅವರ ಬಳಿ ಕಲಿತವರು ಬೇಗ ಓಡಿಸುತ್ತಾರೆಂದು ಯಾರೂ ಹೊಗಳಿದ್ದಿಲ್ಲ, ಆದರೆ ಆ ಶಿಷ್ಯರು ಯಾರಿಗೂ ಗುದ್ದಿದ್ದೂ ಇಲ್ಲ.

ಶಾಲೆಯ ಹೆಸರಿನ ಆ ಕೂಸು ಬೆಳೆದು, ಹಾಸನದಲ್ಲಿ ಎಂಜಿನಿಯರಿಂಗ್ ಓದುವಾಗ ಮಣ್ಣಿನ ಟ್ರ್ಯಾಕುಗಳ ಮೇಲೆ ರೇಸಿಗಿಳಿದು, ಮನೆಯವರು ಬೆದರುವಷ್ಟು ಬಹುಮಾನಗಳನ್ನು ಗೆದ್ದು ತಂದಿತ್ತು. ಈಗ ನಿಸರ್ಗ ಭಾನುವಾರಗಳಂದು ಮೈಸೂರು, ಬೆಂಗಳೂರಿನಿಂದ ಬರುವ ಅಪರಿಚಿತರಿಗೆ ವೇಗವಾಗಿ ಓಡಿಸುವುದನ್ನು ಕಲಿಸುತ್ತಿದ್ದಳು. ವಾರದ ಮಿಕ್ಕ ದಿನಗಳಲ್ಲಿ ತನ್ನ ಹೆಸರಿನ ಶಾಲೆಯಲ್ಲೇ ಪಾಠ ಹೇಳಬೇಕೆಂಬುದು ಅವಳ ಆಸೆ. ಹೆಂಗಸರು ಮೇಷ್ಟ್ರ ಗದರಿಕೆಗೆ ಹೆದರಿ ಕಲಿಯಲು ಬರುವುದೇ ಇಲ್ಲ ಎಂಬುದು ಅವಳ ವಾದ.

"ಬೋರ್ಡಿನ ಮೇಲಿರೋದು ನನ್ನ ಹೆಸರು, ದೊಡ್ಡಪ್ಪ," ಎಂದಳು ಒಂದು ಸಂಜೆ.

"ಬೋರ್ಡಿನ ಮ್ಯಾಲೆ ಗಣಪತಿ ಚಿತ್ರಾನೂ ಐತೆ. ಅವ್ನೂ ಬಂದು ಸೀಟು ಕೊಡು ಅಂದ್ರೆ ನಾನೇನವ್ವ ಮಾಡ್ಲಿ?"

"ನಾನು ಓಡಿಸೋದ್ರಲ್ಲಿ ಏನು ಕಮ್ಮಿ ಇದೆ, ಹೇಳಿ."

"ಏನೂ ಕಮ್ಮಿಯಿಲ್ಲ. ಓಡ್ಸಾದು ಬ್ಯಾರೆ, ಕಲ್ಸಾದು ಬ್ಯಾರೆ ಕಣವ್ವ. ಕಲ್ಸಾದು ಅಂದ್ರೆ ಬರ್ದೇ ಇರಾದ್ನ ಬರ್ಸಾದು."

"ನಿಮಗೇ ಬರ್ದೇ ಇರೋದನ್ನ ಕಲಿಸಿ ತೋರಿಸಿದ್ರೆ ಸೀಟು ಕೊಡ್ತೀರಾ?"

"ನಂಗೆ ಬರ್ದೇ ಇರಾದಾ? ಗಾಡಿ ವಿಷ್ಯದಾಗಾ?"

"ಓಡಿಸೋದು."

ಒಳಗೆ ಅವರೆಕಾಯಿ ಸುಲಿಯುತ್ತಿದ್ದ ಮೇಷ್ಟ್ರ ಹೆಂಡತಿ ನಾಗಲಕ್ಷ್ಮಿ ಗಹಗಹಿಸಿ ನಕ್ಕರು. "ಕಲ್ಸವ್ವ, ಪುಣ್ಯ ಬತ್ತದೆ. ಇವ್ರ ಜೊತೆ ಅರಸೀಕೆರೆಗೆ ಒಂಟ್ರೆ, ನಾವು ಸೇರೋ ಒತ್ಗೆ ರೈಲು ಒಂಟೋಗಿರ್ತದೆ."

ಹೆಂಡತಿಯ ನಗುವಿಗಿಂತ ಮೊನಚಾದ ಸಾಕ್ಷ್ಯ ಇನ್ನೊಂದಿಲ್ಲ. ಮೇಷ್ಟ್ರು ಒಪ್ಪಿಕೊಂಡರು. ಷರತ್ತು ಸರಳವಾಗಿತ್ತು: ಒಂದು ವಾರದ ಪಾಠದ ನಂತರ, ಭಾನುವಾರ, ನಿಸರ್ಗ ಕಲಿಸುವ ಸಿದ್ದೇಶ್ವರನ ಟ್ರ್ಯಾಕಿನಲ್ಲಿ, ಸಿದ್ದೇಶ್ವರನ ಕೆಂಪು ಕಾರಿನಲ್ಲಿ ಮೇಷ್ಟ್ರು ಒಂದು ಪೂರ್ತಿ ಸುತ್ತು ಹಾಕಬೇಕು, ಉದ್ದನೆಯ ನೇರ ಹಾದಿಯಲ್ಲಿ ಬ್ರೇಕು ಮುಟ್ಟಬಾರದು. ಮುಟ್ಟದಂತೆ ನಿಸರ್ಗ ಕಲಿಸಿದರೆ ಎಡಗಡೆಯ ಸೀಟು ಅವಳದು. ಕಲಿಸಲಾರದೆ ಹೋದರೆ ಆ ಮಾತನ್ನು ಅವಳು ಮತ್ತೆ ಎತ್ತುವಂತಿಲ್ಲ.

ಸಿದ್ದೇಶ್ವರ ಮೇಷ್ಟ್ರ ಹಳೆಯ ಶಿಷ್ಯ, ಕೊಬ್ಬರಿ ವ್ಯಾಪಾರಿ. ನುಗ್ಗೇಹಳ್ಳಿಯ ಹಾದಿಯಲ್ಲಿ ಹೊಲಗಳನ್ನು ಕೊಂಡು ಬಡಾವಣೆ ಮಾಡಲು ಹೊರಟು, ಡಾಂಬರು ಹಾಕಿಸಿ, ಕಮಾನು ಕಟ್ಟಿಸಿ, ಗಡಿಕಲ್ಲು ನೆಡಿಸಿದ ಮೇಲೆ, ನೀರಿಲ್ಲದ ಜಾಗದಲ್ಲಿ ಸೈಟು ಕೊಳ್ಳುವವರಿಲ್ಲವೆಂಬುದು ಅವನಿಗೆ ಹೊಳೆದಿತ್ತು. ಮನೆಗಳಿಲ್ಲದ ರಸ್ತೆಗಳು ಯಾವುದಕ್ಕೆ ಪ್ರಯೋಜನವೆಂದು ಯೋಚಿಸಿ, ರಸ್ತೆಗಳನ್ನೆಲ್ಲ ಒಂದೇ ಸುತ್ತಾಗಿ ಕೂಡಿಸಿ ರೇಸ್ ಟ್ರ್ಯಾಕು ಮಾಡಿದ. ಆದ್ದರಿಂದ ಅಲ್ಲಿಯ ತಿರುವುಗಳಿಗೆ ಪಾರ್ಕು, ನೀರಿನ ಟ್ಯಾಂಕು, ಸಮುದಾಯ ಭವನ ಎಂದೇ ಹೆಸರು. ಪಾರ್ಕಾಗಲಿ ಟ್ಯಾಂಕಾಗಲಿ ಭವನವಾಗಲಿ ಇಲ್ಲ. ನೇರ ಹಾದಿಯ ಕೊನೆಯ ತಿರುವಿಗೆ ಮಾತ್ರ ಮಾದಮ್ಮನ ತಿರುವು ಎಂಬ ಹೆಸರು, ಮತ್ತು ಮಾದಮ್ಮ ಇದ್ದರು. ಎಷ್ಟು ಕೇಳಿದರೂ ಆಕೆ ತಮ್ಮ ಹುರುಳಿ ಹೊಲವನ್ನು ಮಾರಲಿಲ್ಲವಾದ್ದರಿಂದ ರಸ್ತೆಯೇ ಅಲ್ಲಿ ಗಕ್ಕನೆ ಎಡಕ್ಕೆ ತಿರುಗಬೇಕಾಗಿ ಬಂದಿತ್ತು.

ಇನ್ನು ಕಾರು. ಯಾವುದೋ ವಿದೇಶಿ ಅಧಿಕಾರಿ ಬಿಟ್ಟುಹೋದದ್ದನ್ನು ಹರಾಜಿನಲ್ಲಿ ಕೊಂಡದ್ದು. ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ, ಕೆಂಪು ಬಣ್ಣ ಬಿಸಿಲಿಗೆ ಬಾಡಿ ನಿನ್ನೆಯ ದಾಸವಾಳದಂತಾಗಿತ್ತು. ರಸ್ತೆಗಿಳಿಸಲು ಪರವಾನಗಿಯಿಲ್ಲ, ಏಕೆಂದರೆ ಅದರ ಸ್ಟೀರಿಂಗು ಇದ್ದದ್ದು ಎಡಗಡೆ.

ಮೇಷ್ಟ್ರು ಅದನ್ನು ಕಂಡು ಮುಗುಳ್ನಕ್ಕರು. ಎಡಗಡೆಯ ಸೀಟು ಎಂದರೆ ತಮ್ಮ ಮನೆಯಂಗಳ! ಜೇಬಿನಿಂದ ನಿಂಬೆಹಣ್ಣುಗಳನ್ನು ತೆಗೆದು ನಾಲ್ಕು ಚಕ್ರಗಳ ಕೆಳಗೂ ಇಟ್ಟರು. ಟೈರಿನಡಿ ನಿಂಬೆಹಣ್ಣು ಅಪ್ಪಚ್ಚಿಯಾದರೆ ಕಾರಿಗೆ ರಸ್ತೆಯ ಮೇಲಿನ ಹಿಡಿತ ಹೆಚ್ಚುತ್ತದೆ ಎನ್ನಲು ಭೌತಶಾಸ್ತ್ರದಲ್ಲಿ ಆಧಾರವಿಲ್ಲ. ಕಡಿಮೆಯಾಗುತ್ತದೆ ಎನ್ನಲು ಸ್ವಲ್ಪ ಇದೆ. ನಿಸರ್ಗ ಅವರ ತಲೆಗೆ ಹೆಲ್ಮೆಟ್ಟು ತೊಡಿಸಿ, ಪಟ್ಟಿ ಬಿಗಿದು, ತಾನು ಬಲಗಡೆ ಕುಳಿತಳು.

ಹೊರಟದ್ದು ಚೆನ್ನಾಗಿಯೇ ಇತ್ತು. ಪಾರ್ಕು ಕಳೆಯಿತು, ಟ್ಯಾಂಕು ಕಳೆಯಿತು. ನೇರ ಹಾದಿ ಬಂದು, ಕಾರು ಗಂಟಲು ಸರಿಮಾಡಿಕೊಂಡು ಇನ್ನೇನು ಹಾಡಲು ತೊಡಗಬೇಕು, ಅಷ್ಟರಲ್ಲಿ ಮೇಷ್ಟ್ರ ಬಲಗಾಲು ಬ್ರೇಕನ್ನು ತುಳಿಯಿತು. ಇಬ್ಬರ ಹೆಲ್ಮೆಟ್ಟುಗಳೂ ಒಟ್ಟಿಗೆ ಮುಂದಕ್ಕೆ ಬಾಗಿದವು.

"ಯಾಕೆ ದೊಡ್ಡಪ್ಪ?"

ಮೇಷ್ಟ್ರೂ ತಮ್ಮ ಕಾಲನ್ನೇ ನೋಡುತ್ತಿದ್ದರು. "ನಾನಲ್ಲ ಕಣವ್ವ. ಅದೇ ಓಯ್ತು."

ಅವರು ಸುಳ್ಳು ಹೇಳಲಿಲ್ಲ. ನಡೆಯುವಾಗ ಯಾವ ಕಾಲು ಮುಂದಿಡಬೇಕೆಂದು ನಾವು ಯೋಚಿಸುವುದಿಲ್ಲ. ಹಲವು ವರ್ಷ ಮಾಡಿದ ಕೆಲಸವನ್ನು ಮಿದುಳು, ಬುದ್ಧಿಯ ಅಪ್ಪಣೆಗೆ ಕಾಯದ ಯಾವುದೋ ಹಿತ್ತಿಲ ಕೋಣೆಗೆ ವರ್ಗಾಯಿಸಿಬಿಡುತ್ತದೆ. ಎಡಗಡೆ ಕುಳಿತೆ ಎಂದು ಮೇಷ್ಟ್ರ ಬೆನ್ನಿಗೆ ತಿಳಿದೊಡನೆ, ಇನ್ನು ಗಾಡಿ ನಿಲ್ಲಿಸುವುದೇ ನನ್ನ ಕೆಲಸ ಎಂದು ಕಾಲಿಗೆ ತಿಳಿಯುತ್ತಿತ್ತು. ಎರಡನೆಯ ಸುತ್ತಿನಲ್ಲೂ ತುಳಿಯಿತು. ಮೂರನೆಯದರಲ್ಲಿ ಅವರು ಕಾಲನ್ನು ತೊಡೆಯ ಬಳಿ ಕೈಯಿಂದ ಹಿಡಿದುಕೊಂಡೇ ಓಡಿಸಿದರು, ಆಗಲೂ ತುಳಿಯಿತು.

ಆ ವಾರವೆಲ್ಲ ಬೆಳಗಿನ ಹೊತ್ತು ಪಾಠ ನಡೆಯಿತು. ಸೋಲುವುದು ಸುಲಭವಾಗಿತ್ತು, ಸೋತರೆ ಸೀಟು ಉಳಿಯುತ್ತಿತ್ತು. ಆದರೆ ಬೇಕೆಂದೇ ಸೋತ ಎಂದು ಯಾರಾದರೂ ಅಂದಾರೆಂಬ ಯೋಚನೆಗೇ ಮೇಷ್ಟ್ರಿಗೆ ಊಟ ಸೇರುತ್ತಿರಲಿಲ್ಲ. ಕಲಿಯುವವನ ಕಷ್ಟ ಇಷ್ಟೊಂದು ಎಂಬುದು ಅವರಿಗೆ ಮರೆತೇಹೋಗಿತ್ತು. ತಾವು ಗದರಿಸಿದವರೆಲ್ಲ ಸಾಲಾಗಿ ಕಣ್ಣಮುಂದೆ ಬರುತ್ತಿದ್ದರು. ನಿಸರ್ಗಳೋ ಗದರಿಸುತ್ತಲೇ ಇರಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

ಒಂದು ದಿನ ಅವಳು ಕೇಳಿದಳು: "ಈಗ ಬ್ರೇಕ್ ಹಾಕಿದ್ರಲ್ಲ, ಅದಕ್ಕೆ ಸ್ವಲ್ಪ ಮುಂಚೆ ಎಲ್ಲಿ ನೋಡ್ತಿದ್ರಿ?"

"ಎಡಗಡೆ, ಆ ಕಲ್ಲಿನ್ತಾವ."

"ಅಲ್ಲೇನಿತ್ತು?"

"ಏನೂ ಇಲ್ಲ. ಎಮ್ಮೆ ಬರ್ಬೋದಿತ್ತು."

"ಯಾವ ಎಮ್ಮೆ? ಸುತ್ತ ಬೇಲಿ ಇದೆ, ಗೇಟಿಗೆ ಬೀಗ ಹಾಕಿದೆ."

"ಬೀಗ ಐತೆ ಅಂತ ಎಮ್ಮೆಗೆ ಯೋಳಿದೋರ್ಯಾರು? ಬರ್ದೇ ಇರೋ ಎಮ್ಮೆನ ಮೊದ್ಲೇ ನೋಡಿ ನಿಲ್ಸಿರಾದ್ಕೇ ಇಷ್ಟು ಜನ ಬದುಕವ್ರೆ ಕಣವ್ವ."

ನಿಸರ್ಗ ನಗಲಿಲ್ಲ. ರೋಗ ಕಾಲಿನದಲ್ಲ, ಕಣ್ಣಿನದು ಎಂದು ಅವಳಿಗೆ ಆಗ ಗೊತ್ತಾಯಿತು. ಓಡಿಸುವವನು ದೂರ ನೋಡುತ್ತಾನೆ. ಕಲಿಸುವವನು ಹತ್ತಿರ ನೋಡುತ್ತಾನೆ. ರಸ್ತೆಯ ಅಂಚು, ಶಿಷ್ಯನ ಕೈ, ನಾಯಿ, ಚೆಂಡು, ಚೆಂಡಿನ ಹಿಂದೆ ಬರಬಹುದಾದ ಮಗು. ಹತ್ತಿರದ್ದೇನೋ ಕಂಡಿತೆಂದರೆ ಕಾಲು ಎಚ್ಚರಗೊಳ್ಳುತ್ತದೆ. ಕಣ್ಣನ್ನು ದೂರಕ್ಕೆ ಕಳಿಸಿದರೆ ಕಾಲು ತಾನಾಗಿ ಮಲಗೀತು.

ನೇರ ಹಾದಿಯ ಆಚೆ, ಮಾದಮ್ಮನ ಹೊಲದ ನಡುವೆ, ಒಂದು ಹುಣಸೆಮರ ಕೊಡೆಯಂತೆ ನಿಂತಿತ್ತು.

"ದೊಡ್ಡಪ್ಪ, ಟ್ಯಾಂಕು ದಾಟಿದ ಮೇಲೆ ಆ ಹುಣಸೆಮರ ಬಿಟ್ಟು ಬೇರೇನೂ ನೋಡ್ಬೇಡಿ. ಕಲ್ಲು ಇಲ್ಲ, ಬೇಲಿ ಇಲ್ಲ, ಎಮ್ಮೆ ಇಲ್ಲ. ಮರ ಹೇಗಿದೆ ಅಂತ ನನಗೆ ಹೇಳ್ತಾ ಇರಿ."

ಮೇಷ್ಟ್ರು ಹೇಳತೊಡಗಿದರು. ಮರದ ಬಲಗಡೆಯ ಕೊಂಬೆ ಒಣಗಿದೆ; ಈ ವರ್ಷ ಕಾಯಿ ಕಡಿಮೆ; ಬುಡದಲ್ಲಿ ಯಾರೋ ಹುಲ್ಲು ಒಟ್ಟಿದ್ದಾರೆ. ಮೊದಲ ದಿನ ಕೊಂಬೆಯವರೆಗೂ ಬರುವಷ್ಟರಲ್ಲಿ ಕಾಲು ತುಳಿಯಿತು. ಮರುದಿನ ಕಾಯಿಯವರೆಗೂ ಸುಮ್ಮನಿತ್ತು.

ಭಾನುವಾರ ಷರತ್ತಿನ ಸುತ್ತು. ಸಿದ್ದೇಶ್ವರ ಸುದ್ದಿ ಹಬ್ಬಿಸಿದ್ದರಿಂದ ಮೇಷ್ಟ್ರ ಹಳೆಯ ಶಿಷ್ಯರು ಶಾಂತಿಗ್ರಾಮ, ಹೊಳೆನರಸೀಪುರಗಳಿಂದಲೂ ಬಂದು ಬೇಲಿಯುದ್ದಕ್ಕೂ ನಿಂತಿದ್ದರು.

"ಮೇಷ್ಟ್ರೇ, ಆರನ್ ಒಡೀರಿ! ಮಿರರ್ ನೋಡ್ರಿ!" ಎಂದೊಬ್ಬ ಕೂಗಿದ.

"ಅರ್ಧ ಕ್ಲಚ್ಚಲ್ಲಿ ಕಾಲು ಮಡಗ್ಬ್ಯಾಡಿ ಸಾ!" ಎಂದು ಇನ್ನೊಬ್ಬ. ಹೇಳಿಸಿಕೊಂಡ ಮಾತುಗಳನ್ನೆಲ್ಲ ಬಡ್ಡಿಸಮೇತ ಹಿಂತಿರುಗಿಸುವ ಉತ್ಸಾಹ ಅವರದು.

ಮೇಷ್ಟ್ರು ಗೇರು ಹಾಕಿದರು. ಕಾರು ಹೊರಟಿತು. ಪಾರ್ಕಿನಲ್ಲಿ ಬ್ರೇಕು ಹಾಕಿದರು, ಅಲ್ಲಿ ಹಾಕಬಹುದಿತ್ತು. ಟ್ಯಾಂಕಿನಲ್ಲಿ ಹಾಕಿದರು, ಅಲ್ಲೂ ಹಾಕಬಹುದಿತ್ತು. ನೇರ ಹಾದಿ ತೆರೆದುಕೊಂಡಿತು. ಮೇಷ್ಟ್ರು ಹುಣಸೆಮರವನ್ನು ನೋಡಿದರು.

"ಬಲಗಡೆ ಕೊಂಬೆ ಒಣಗೈತೆ," ಎಂದರು. ಗಾಳಿ ಮಾತನ್ನು ಹರಿದೊಯ್ದಿತು. "ಕಾಯಿ ಕಮ್ಮಿ!" ಎಂದು ಕೂಗಿದರು. ಬಲಗಾಲು ಮಗುವಿನಂತೆ ಆಕ್ಸಿಲರೇಟರಿನ ಮೇಲೆ ಮಲಗಿತ್ತು. ಗಡಿಕಲ್ಲುಗಳು ಒಂದರೊಳಗೊಂದು ಕರಗಿ ಗೋಡೆಯಾದವು. ತೆಂಗಿನಕಾಯಿ ತುಂಬಿದ ಲಾರಿಯನ್ನು ಇಳಿಜಾರಿನಲ್ಲಿ ಬಿಟ್ಟ ಹುಡುಗನೊಬ್ಬ ತಮ್ಮೊಳಗೆ ಎಲ್ಲೋ ಶಿಳ್ಳೆ ಹೊಡೆದದ್ದು ಮೇಷ್ಟ್ರಿಗೆ ಕೇಳಿಸಿತು.

"ಬುಡದಾಗೆ ಉಲ್ಲೈತೆ!"

"ತಿರುವು, ದೊಡ್ಡಪ್ಪ!"

"ಉಲ್ಲಿನ ಮ್ಯಾಲೆ ಕೋಳಿ ಕೂತದೆ!"

"ದೊಡ್ಡಪ್ಪಾ!"

ಕಣ್ಣು ಹೋದಲ್ಲಿಗೆ ಗಾಡಿ ಹೋಗುತ್ತದೆ. ಮೇಷ್ಟ್ರ ಕಣ್ಣು ಮಾದಮ್ಮನ ಮರದಲ್ಲಿ ನೆಟ್ಟಿತ್ತು. ಕೊನೆಯ ಗಳಿಗೆಯಲ್ಲಿ ಅವರು ಸ್ಟೀರಿಂಗನ್ನು ಎಡಕ್ಕೆ ಎಳೆದರಾದರೂ, ಅಷ್ಟು ವೇಗದಲ್ಲಿ ಅಷ್ಟು ತಡವಾಗಿ ಬಂದ ಕೋರಿಕೆಯನ್ನು ಟೈರುಗಳು ಮನ್ನಿಸಲಿಲ್ಲ. ಕಾರು ನ್ಯೂಟನ್ನನ ನಿಯಮಕ್ಕೆ ಅಕ್ಷರಶಃ ವಿಧೇಯವಾಗಿ ನೇರವಾಗಿಯೇ ಸಾಗಿ, ಮುಳ್ಳುಬೇಲಿಯನ್ನು ಹೊದ್ದುಕೊಂಡು, ಹುರುಳಿ ಹೊಲದೊಳಗೆ ನುಗ್ಗಿ, ಒಂದು ಸುತ್ತು ಗಿರ್ರನೆ ತಿರುಗಿ, ಮೆತ್ತನೆಯ ಮಣ್ಣಿನಲ್ಲಿ ಹೂತು ನಿಂತಿತು. ಕೋಳಿ ಮರವೇರಿತು.

ಧೂಳು ಕೂತ ಮೇಲೆ ಇಬ್ಬರೂ ತಮ್ಮ ತಮ್ಮ ಕೈಕಾಲುಗಳನ್ನು ಮುಟ್ಟಿ ನೋಡಿಕೊಂಡರು, ಎಲ್ಲವೂ ಇದ್ದವು. ನಿಸರ್ಗಳ ಕಣ್ಣು ತುಂಬಿತ್ತು. "ಮರ ನೋಡಿ ಅಂದೆ, ಯಾವಾಗ ಬಿಡಬೇಕು ಅಂತ ಹೇಳಿಕೊಡಲಿಲ್ಲ. ನಿಲ್ಲಿಸೋದನ್ನ ನಿಮಗೆ ನಾನೇನು ಕಲಿಸೋದು ಅಂದ್ಕೊಂಡೆ, ದೊಡ್ಡಪ್ಪ."

ಸಿದ್ದೇಶ್ವರ ಏದುಸಿರು ಬಿಡುತ್ತ ಓಡಿಬಂದ. ಮೊದಲು ಕಾರನ್ನು, ಆಮೇಲೆ ಮೇಷ್ಟ್ರನ್ನು ತಡವಿ ನೋಡಿದ. ಹಿಂದೆಯೇ ಶಿಷ್ಯರ ದಂಡು.

"ಬ್ರೇಕ್ ಮುಟ್ಲಿಲ್ಲ, ಅದ್ನ ಒಪ್ತೀನಿ," ಎಂದ. "ಆದ್ರೆ ಸುತ್ತು ಪೂರ್ತಿ ಆಗ್ಲಿಲ್ಲ ಕಣಮ್ಮ. ಮಾತು ಅಂದ್ರೆ ಮಾತು. ಸೀಟು ಮೇಷ್ಟ್ರದೇ."

ನಿಸರ್ಗ ತಲೆಯಾಡಿಸಿ ಹೆಲ್ಮೆಟ್ಟಿನ ಪಟ್ಟಿ ಬಿಚ್ಚತೊಡಗಿದಳು. ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ, ಹೊಲದ ಆ ತುದಿಯಿಂದ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಕುಡುಗೋಲು ಹಿಡಿದ ಮಾದಮ್ಮ ಬಂದರು. ಅಲ್ಲಿದ್ದವರೆಲ್ಲ ತಾವಾಗಿಯೇ ದಾರಿ ಬಿಟ್ಟರು.

"ಯಾವನ್ಲಾ ಅವ್ನು! ಅಷ್ಟಗಲ ರಸ್ತೆ ಮಾಡ್ಕೊಂಡು ನನ್ ಉಳ್ಳಿ ಒಲ್ದಾಗೆ ನುಗ್ತೀಯಾ? ತಗಿಯಲಾ ಆ ಗಡಿಗೇನ, ಮುಖ ನೋಡಾನ!"

ಮೇಷ್ಟ್ರು ಹೆಲ್ಮೆಟ್ಟು ತೆಗೆದರು. ಬಿಳಿಯ ಕೂದಲು ಬೆವರಿಗೆ ಅಂಟಿಕೊಂಡಿತ್ತು. ಅದನ್ನು ಕಂಡು ಮಾದಮ್ಮನ ಸಿಟ್ಟು ಇಮ್ಮಡಿಯಾಯಿತು.

"ಅಯ್ಯೋ ನಿನ್ ಮನೆ ಕಾಯ್ವಾಗ! ತಲೆ ನೆರ್ತೋಗೈತೆ, ನೆಟ್ಗೆ ತಿರುಗ್ಸಾಕೆ ಬರಾಕಿಲ್ವಾ? ಯಾರಪ್ಪ ನಿಂಗೆ ಗಾಡಿ ಬುಡಾದು ಕಲ್ಸಿದ್ದು?"

ಪಟ್ಟಣದ ಸುತ್ತಲಿನ ಅಷ್ಟೂ ರಸ್ತೆಗಳಲ್ಲಿ ದೇವರಾಜು ಮೇಷ್ಟ್ರನ್ನು ಯಾರೂ ಕೇಳದಿದ್ದ ಪ್ರಶ್ನೆ ಅದು. ಶಿಷ್ಯರು ನೆಲ ನೋಡಿದರು. ಮೇಷ್ಟ್ರು ಮುಳ್ಳುಬೇಲಿಯ ತುಂಡೊಂದನ್ನು ತೋಳಿನಿಂದ ಬಿಡಿಸಿಕೊಂಡು, ನಿಧಾನವಾಗಿ ಕಾರಿನಿಂದಿಳಿದು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಇವ್ಳು ಕಣವ್ವ. ನಮ್ ಕುಮಾರನ್ ಮಗ್ಳು, ನಿಸರ್ಗ. ಪ್ಯಾಟೆಯಾಗೆ ನಮ್ ಡ್ರೈವಿಂಗ್ ಸ್ಕೂಲ್ನಾಗೆ ಇವ್ಳೇ ಮೇಷ್ಟ್ರು."

ಸಿದ್ದೇಶ್ವರ ಏನೋ ಹೇಳಲು ಹೋಗಿ, ಮಾದಮ್ಮನ ಕೈಯ ಕುಡುಗೋಲನ್ನೂ ಮೇಷ್ಟ್ರ ಮುಖವನ್ನೂ ನೋಡಿ, ಬಿಟ್ಟುಬಿಟ್ಟ. ಮಾದಮ್ಮ ನಿಸರ್ಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸಿಟ್ಟು ಒಂದು ಮೆಟ್ಟಿಲು ಇಳಿದಂತೆ ಕಂಡಿತು.

"ನೀನಾ? ಎಣ್ಮಗ್ಳಾ?" ಎಂದರು. "ನಮ್ ಸೊಸೆ ಒಂದ್ ವರ್ಸದಿಂದ ಗಾಡಿ ಕಲೀತೀನಿ ಅಂತ ಕುಂತವ್ಳೆ. ಅಲ್ಲ್ಯಾವನೋ ಬಯ್ಯೋ ಮೇಷ್ಟ್ರವ್ನಂತೆ, ಅದ್ಕೇ ಓಗಾಕಿಲ್ಲ ಅಂತಾಳೆ. ಸ್ವಾಮಾರ ಕಳಿಸ್ತೀನಿ." ಆಮೇಲೆ ಮಲಗಿದ ಹುರುಳಿಯತ್ತ ಕುಡುಗೋಲು ತೋರಿಸಿ, ಬಯ್ಯುವ ಮೇಷ್ಟ್ರ ಕಡೆ ತಿರುಗಿ ಹೇಳಿದರು: "ನೀನೇನಪ್ಪ ನಿಂತ್ಕೊಂಡು ನೋಡ್ತೀಯ? ಬಗ್ಗು, ಇದ್ನೆಲ್ಲ ಎತ್ತಿ ಆ ಮರದಡಿ ಆಕು. ದನಕ್ಕಾದ್ರೂ ಆಯ್ತದೆ."

ಮೇಷ್ಟ್ರು ಬಗ್ಗಿದರು.