ಬಾವಿಗಿಳಿದ ಕಾಲು ನನ್ನದು

ನಾರುಹುಣ್ಣಿನ ಕಾಲನ್ನು ನಿಮ್ಮೂರಿನ ಬಾವಿಯ ನೀರಿಗೆ ಇಳಿಬಿಟ್ಟವನು ನಿಮ್ಮ ಗಂಡ ಮಾಳಪ್ಪನಲ್ಲ, ಯಲ್ಲವ್ವ. ನಾನು. ಆರೋಗ್ಯ ಇಲಾಖೆಯ ಚೀಲ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದ, ನೀವೆಲ್ಲ ಸಾಹೇಬರೆಂದು ಕರೆಯುತ್ತಿದ್ದ ನಾನು. ಈ ಎರಡು ಮಾತು ಬರೆಯಲು ನನಗೆ ಇಷ್ಟು ವರ್ಷ ಬೇಕಾದವು — ನಿವೃತ್ತಿಯಾಯಿತು, ಹಲ್ಲು ಉದುರಿದವು, ಮಾಳಪ್ಪನೂ ಹೋದ. ಈಗಲಾದರೂ ಬರೆದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಗುಡೂರಿನಾಚೆ ಬಸ್ಸಿಳಿದು ನಡೆಯಬೇಕಿದ್ದ ನಿಮ್ಮೂರಿಗೆ ಕುಡಿಯುವ ನೀರಿನ ಬಾವಿ ಒಂದೇ, ಮೆಟ್ಟಿಲಿನದು. ಕೊಡ ಹಿಡಿದು ಇಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ತುಂಬಿಕೊಳ್ಳುವುದು ರೂಢಿ. ಹುಣ್ಣಿದ್ದವರ ಕಾಲು ನೀರಿಗೆ ತಾಗಿದರೆ ಹುಳು ಅಲ್ಲೇ ಮರಿ ಬಿಡುತ್ತದೆ. ಆ ನೀರನ್ನು ಸೋಸದೆ ಕುಡಿದವರ ಮೈಯಿಂದ ವರ್ಷದ ಮೇಲೆ ಮೊಳದುದ್ದದ ಹುಳು ಚರ್ಮ ಸೀಳಿಕೊಂಡು ಹೊರಬರುತ್ತದೆ. ಅದಕ್ಕೇ ಸರಕಾರದ ಕಟ್ಟಪ್ಪಣೆ — ಹುಣ್ಣಿದ್ದವರು ಬಾವಿಗೆ ಇಳಿಯಬಾರದು, ಅವರ ಹೆಸರು ರಿಜಿಸ್ಟರಿನಲ್ಲಿ ಬರೆಯಬೇಕು, ಮೆಟ್ಟಿಲು ಮುಚ್ಚಿಸಿ ರಾಟೆ ಕೂಡಿಸಬೇಕು. ಮೆಟ್ಟಿಲು ಮುಚ್ಚುವ ಕೆಲಸ ಇನ್ನೂ ಕಾಗದದ ಮೇಲೆಯೇ ಓಡಾಡುತ್ತಿತ್ತು. ಅಲ್ಲಿಯವರೆಗೆ ಜನರನ್ನು ತಡೆಯುವುದು ನನ್ನ ಕೆಲಸ. ಮನೆಮನೆಗೆ ಸೋಸುವ ಬಟ್ಟೆ ಹಂಚಿ ಉಪದೇಶ ಮಾಡಿದ ದೊಡ್ಡ ಮನುಷ್ಯ ನಾನು. ಬಿಸಿಲಿಗೆ ದಣಿದಾಗ ಸಿಕ್ಕ ಸಿಕ್ಕ ಊರಿನ ಬಾವಿಯಲ್ಲಿ ಬೊಗಸೆಯಿಂದ ಕುಡಿದವನೂ ನಾನೇ.

ಒಂದು ಬೇಸಿಗೆ ನನ್ನ ಬಲಗಾಲಿನ ಹರಡಿನ ಹತ್ತಿರ ಗುಳ್ಳೆ ಎದ್ದಿತು. ನೋಡಿದ ಕೂಡಲೇ ಗೊತ್ತಾಯಿತು. ನೌಕರಿ ಆಗಿನ್ನೂ ಖಾಯಂ ಆಗಿರಲಿಲ್ಲ. ನಾರು ತಡೆಯಲು ಹೋದವನಿಗೇ ನಾರು ಎಂದರೆ ಕಚೇರಿಯಲ್ಲಿ ನಗುತ್ತಾರೆ, ಆಮೇಲೆ ಮನೆಗೆ ಕಳಿಸುತ್ತಾರೆ — ಹೀಗೆಲ್ಲ ಯೋಚಿಸಿದೆ. ಊರೂರಿನವರ ಹೆಸರು ಬರೆದುಕೊಂಡ ಕೈ ನನ್ನ ಹೆಸರು ಬರೆಯಲಿಲ್ಲ. ಹುಣ್ಣಿಗೆ ಬಟ್ಟೆ ಸುತ್ತಿ, ಮೇಲೆ ಬೂಟು ಹಾಕಿಕೊಂಡು ತಿರುಗಿದೆ.

ನಿಮ್ಮೂರಿಗೆ ಬಂದ ದಿನ ಮಟಮಟ ಮಧ್ಯಾಹ್ನ. ಕಾಲನ್ನು ಒಲೆಯೊಳಗೆ ಇಟ್ಟಂಥ ಉರಿ. ಜನರೆಲ್ಲ ಹೊಲದಲ್ಲಿದ್ದರು, ಬಾವಿಯ ಹತ್ತಿರ ಯಾರೂ ಇರಲಿಲ್ಲ. ಬೂಟು ಬಿಚ್ಚಿ, ಮೆಟ್ಟಿಲಿಳಿದು ಕಾಲು ನೀರಿಗೆ ಇಟ್ಟೆ. ಎಷ್ಟು ಹಾಯೆನಿಸಿತು ಎಂದು ಹೇಳಿದರೆ ನೀವು ನನ್ನನ್ನು — ಆದರೂ ಹೇಳಬೇಕು, ಬಹಳ ಹಾಯೆನಿಸಿತು. ಹುಣ್ಣಿನಿಂದ ಹಾಲಿನಂಥದ್ದು ನೀರಿನಲ್ಲಿ ಹರಡಿದ್ದನ್ನು ಕಣ್ಣಾರೆ ಕಂಡೆ. ಅದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಾಲು ತೆಗೆಯಲಿಲ್ಲ. ಮೇಲೆ ಬಂದ ಮೇಲಾದರೂ ನೀರು ಮುಟ್ಟಬೇಡಿ ಎಂದು ಡಂಗುರ ಹೊಡೆಸಬಹುದಿತ್ತು. ಯಾಕೆ ಎಂದು ಕೇಳಿದರೆ ಏನು ಹೇಳಲಿ ಎಂದು ಬಸ್ಸು ಹಿಡಿದೆ.

ಮರುವರ್ಷ ಏಳು ಮಂದಿಗೆ ಹುಣ್ಣಾಯಿತು. ಅವರಲ್ಲಿ ಇಳಕಲ್ಲಿನ ಸಾವುಕಾರರಿಗೆ ಸೀರೆ ನೇಯ್ದು ಕೊಡುತ್ತಿದ್ದ ಗಂಗವ್ವ ಒಬ್ಬಳು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ತುಳಿಯದೆ ಮಗ್ಗ ನಡೆಯುವುದಿಲ್ಲ. ಅವಳ ಎರಡೂ ಕಾಲಿಗೆ ನಾರು. ಹೊರಬಂದ ಹುಳುವನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಬೆರಳಗಲ ಎಳೆಯುತ್ತ ಕೂತಳು. ಅರ್ಧ ನೇಯ್ದ ಸೀರೆ ಹಾಗೇ ಉಳಿಯಿತು. ಹುಳು ಒಳಗೇ ತುಂಡಾಗಿ ಒಂದು ಕಾಲು ಸೆಟೆದುಕೊಂಡಿತು. ಅವಳು ಮತ್ತೆ ಮಗ್ಗಕ್ಕೆ ಇಳಿಯಲಿಲ್ಲ.

ಇಲಾಖೆಯ ಮೇಲಿನವರು ಬಂದು ಕೇಳಿದರು — ಹೋದ ವರ್ಷ ಹುಣ್ಣಿನ ಕಾಲಿನಲ್ಲಿ ಬಾವಿಗೆ ಇಳಿದವರು ಯಾರು, ಬರೆದು ಕೊಡು. ನನಗೆ ಮಾಳಪ್ಪ ನೆನಪಾದ. ಹಿಂದಿನ ಬೇಸಿಗೆಯಲ್ಲಿ ಅವನು ಕಾಲಿಗೆ ಬಟ್ಟೆ ಕಟ್ಟಿಕೊಂಡು ಕುರಿ ಕಾಯುತ್ತಿದ್ದುದನ್ನು ಊರೇ ಕಂಡಿತ್ತು. ಅದು ಜಾಲಿಮುಳ್ಳಿನ ಗಾಯ. ಔಷಧ ಹಚ್ಚಿದವನೇ ನಾನು, ನನಗೆ ಗೊತ್ತಿಲ್ಲದ್ದೇನಲ್ಲ. ಅವನ ಹೆಸರು ಬರೆದೆ.

ಸುದ್ದಿ ಊರಿಗೆ ಮುಟ್ಟಿ, ಬೀರಪ್ಪನ ಗುಡಿಯ ಮುಂದೆ ಹಿರಿಯರು ಕೂಡಿದಾಗ ಎದ್ದು ನಿಂತವರು ನೀವೊಬ್ಬರೇ.

"ಸಾಹೇಬ್ರ, ಆ ಮುಳ್ಳು ನಾನ ಪಿನ್ನೀಲೆ ತಗದೇನ್ರಿ. ನಾರಲ್ಲ ಅದು. ನೀವೂ ನೋಡೀರಿ, ಖರೆ ಹೇಳ್ರಿ."

"ನಿನಗ ತಿಳಿಯೂದಿಲ್ಲಬೇ, ಸುಮ್ನ ಕೂಡು," ಎಂದು ಏಕವಚನದಲ್ಲಿ ಗದರಿದೆ.

ಮಾಳಪ್ಪ ನಿಮ್ಮ ಕೈ ಹಿಡಿದು ಕೂಡಿಸಿದ. "ಸರಕಾರದ ಪುಸ್ತಕದಾಗ ಬರದೈತಿ ಅಂದ್ರ ಇರಬೇಕು ಬಿಡು. ನನಗ ತಿಳೀದಂಗ ಆಗಿರಬೇಕು."

ಜಗಳಕ್ಕೆ ಬರುತ್ತಾನೆ, ಬೈಯುತ್ತಾನೆ, ಅದಕ್ಕೆಲ್ಲ ಉತ್ತರ ಕಟ್ಟಿಕೊಂಡು ಬಂದಿದ್ದೆ. ಅವನು ನಂಬಿಬಿಡುತ್ತಾನೆ ಎಂದು ನನಗೆ ಹೊಳೆದಿರಲಿಲ್ಲ. ಏಳೂ ಮನೆಗೆ ಹೋಗಿ ಅವರ ಕಾಲು ಹಿಡಿದ. ಗಂಗವ್ವನ ಮನೆಗೆ ದಿನಾ ಆಡಿನ ಹಾಲು ಮುಟ್ಟಿಸಿದ. ನಿಮ್ಮ ಮನೆಯವರು ಬಾವಿಗೆ ಇಳಿಯಬಾರದೆಂದು ಊರು ಕಟ್ಟು ಮಾಡಿತು; ಮೆಟ್ಟಿಲು ಮುಚ್ಚಿ ರಾಟೆ ಬರುವವರೆಗೆ ನೀವು ಕೊಡ ಹಿಡಿದು ಮೇಲೆ ನಿಂತು, ಯಾರಾದರೂ ನೀರು ಹೊಯ್ಯಲಿ ಎಂದು ಕಾಯುತ್ತಿದ್ದಿರಿ. ನಾನು ಆ ದಾರಿಯಲ್ಲಿ ಹೋಗುವಾಗ ನೀವು ನನ್ನನ್ನು ನೋಡುತ್ತಿದ್ದಿರಿ. ಮಾಳಪ್ಪನಂತೂ ಆಮೇಲೆ ಹಳ್ಳದ ನೀರಿಗೂ ಕಾಲಿಡಲಿಲ್ಲವಂತೆ. ಕುರಿಗಳನ್ನು ದಾಟಿಸಿ, ತಾನು ಸುತ್ತು ಹಾಕಿ ಬರುತ್ತಿದ್ದನಂತೆ.

ನನ್ನ ನೌಕರಿ ಖಾಯಂ ಆಯಿತು. ಕೆಲವು ವರ್ಷಗಳಲ್ಲಿ ನಾರು ನಮ್ಮ ಸೀಮೆಯಿಂದಲೇ ಹೋಯಿತು. ಆ ಕಟ್ಟಪ್ಪಣೆ ಒಳ್ಳೆಯದೇ ಇತ್ತು, ಯಲ್ಲವ್ವ, ಜನರ ಕಾಲು ಉಳಿಸಿತು. ಅದರಂತೆ ಹೆಸರು ಬರೆಯುವ ಕೈ ನನ್ನದಾಗಿತ್ತು, ಅದೇ ನಿಮ್ಮ ದುರ್ದೈವ. ನಿವೃತ್ತಿಯ ದಿನ ಶಾಲು ಹೊದಿಸಿದರು. ಹೊದಿಸಿಕೊಂಡೆ.

ಹೋದ ವರ್ಷ ಮಾಳಪ್ಪ ಹಾಸಿಗೆ ಹಿಡಿದಿದ್ದಾನೆ ಎಂದು ಕೇಳಿ ಬಂದಿದ್ದೆನಲ್ಲ, ಇದನ್ನೆಲ್ಲ ಹೇಳಿಬಿಡಬೇಕೆಂದೇ ಬಂದಿದ್ದೆ. ನೀವು ಚಹಾ ಮಾಡಲು ಒಳಗೆ ಹೋದಾಗ ಅವನು ನನ್ನ ಕೈ ಹಿಡಿದುಕೊಂಡ.

"ಸಾಹೇಬ್ರ, ಆ ಪುಸ್ತಕದಾಗ ನನ್ನ ಹೆಸರು ಇನ್ನೂ ಐತೇನ್ರಿ?"

ನಿಜ ಹೇಳಲು ಅದೇ ಹೊತ್ತಾಗಿತ್ತು. ನಾನು ಹೇಳಿದ್ದು ಬೇರೆ.

"ಹೊಡದು ಹಾಕೇನಪಾ," ಅಂದೆ.

ಅವನ ಕಣ್ಣು ತುಂಬಿದವು. "ಪುಣ್ಯಾ ಬರಲಿ ನಿಮಗ," ಅಂದ. ಎಂಟು ದಿನಕ್ಕೆ ತೀರಿಕೊಂಡ. ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿತೆಂದು ನಂಬಿ ಹೋದ, ಅದೂ ನನ್ನಿಂದ.

ಬರುವ ಅಮಾವಾಸ್ಯೆಗೆ ನಿಮ್ಮೂರಿಗೆ ಬರುತ್ತೇನೆ. ಈ ಕಾಗದವನ್ನು ಬೀರಪ್ಪನ ಗುಡಿಯ ಕಟ್ಟೆಯ ಮೇಲೆ, ಊರವರೆದುರು ನಾನೇ ನಿಂತು ಓದುತ್ತೇನೆ. ಗಂಗವ್ವನನ್ನು ಯಾರಾದರೂ ಕರೆತರಲಿ. ಜನ ಉಗಿದರೂ ಸರಿ, ನೀವು ಬಾಗಿಲು ಹಾಕಿಕೊಂಡರೂ ಸರಿ, ಪೂರ್ತಿ ಓದಿಯೇ ಇಳಿಯುತ್ತೇನೆ. ಎಲ್ಲರೂ ಕೇಳುತ್ತಾರೆ. ಕೇಳಬೇಕಾದ ಒಬ್ಬನು ಮಾತ್ರ ಇರುವುದಿಲ್ಲ.