ಇಬ್ಬರಿಗೂ ಹೂಂ ಎಂದವನು

ಪೇಟೆಯ ಹಳೇ ಬೀದಿಯಲ್ಲಿ ಎರಡು ಕುರ್ಚಿಯ ಒಂದು ಕ್ಷೌರದಂಗಡಿ. ಎರಡರಲ್ಲಿ ಒಂದು ಮಾತ್ರ ತಿರುಗುತ್ತದೆ. ಇನ್ನೊಂದರಲ್ಲಿ ಸದಾ ಯಾರಾದರೊಬ್ಬರು ಪೇಪರು ಹಿಡಿದು ಕೂತಿರುತ್ತಾರೆ, ಅವರಿಗೆ ತಲೆಯಲ್ಲಿ ಕೂದಲೇ ಇರಬೇಕೆಂದಿಲ್ಲ. ಅಂಗಡಿಯವನಿಗೆ ಬೀದಿಯ ಮಕ್ಕಳು ಇಟ್ಟ ಹೆಸರು ಹೂಂ ಮಾವ. ಗಿರಾಕಿ ಏನೇ ಹೇಳಲಿ, ಅವನ ಬಾಯಿಂದ ಬರುವುದು ಅದೊಂದೇ.

ಇದು ಹೆದರಿಕೆಯಲ್ಲ, ಓಲೈಕೆಯೂ ಅಲ್ಲ, ಕಸುಬು. ಕೆಲಸ ಕಲಿಸುವಾಗ ಅಪ್ಪ ಹೇಳಿದ್ದರು: "ಕತ್ತಿ ಗಂಟಲ ಮೇಲಿದ್ದಾಗ ಯಾವತ್ತೂ ಇಲ್ಲ ಅನ್ಬೇಡ. ಇಲ್ಲ ಅಂದ್ರೆ ಗಿರಾಕಿ ಯಾಕೆ ಅಂತ ಕತ್ತು ತಿರುಗಿಸ್ತಾನೆ. ಆಮೇಲೆ ರಕ್ತ ಒರೆಸ್ತಾ ಕೂರಬೇಕಾಗುತ್ತೆ." ಆ ಮಾತು ಮೈಗೆ ಹತ್ತಿತು. ಎಷ್ಟರಮಟ್ಟಿಗೆ ಹತ್ತಿತೆಂದರೆ, ಬರೀ ಬಾಯಲ್ಲಿ ಹೂಂ ಅನ್ನುವುದಲ್ಲ, ಕುರ್ಚಿಯಲ್ಲಿ ಕೂತವನು ಹೇಳಿದ್ದು ಅವನಿಗೆ ನಿಜವಾಗಿಯೂ ಸರಿ ಅನ್ನಿಸಿಬಿಡುತ್ತಿತ್ತು. ಮುಂದಿನವನು ಬಂದು ಕೂತನೋ, ಮುಗಿಯಿತು, ಆಗ ಅವನದೇ ಸರಿ. ಇಂಥವನ ತಲೆಯ ಮೇಲೆ ಊರಿನ ಮುಂದಿನ ಇಪ್ಪತ್ತೈದು ವರ್ಷದ ಯೋಜನೆ ಬಂದು ಬಿದ್ದರೆ ಏನಾಗಬೇಕು ಹೇಳಿ!

ಯೋಜನೆ ಇಷ್ಟು. ಬೀದಿಯ ಹಳೇ ಅಂಗಡಿ ಸಾಲನ್ನು ಕೆಡವಿ ದೊಡ್ಡ ಕಟ್ಟಡ ಎಬ್ಬಿಸುವುದು. ಕೆಳಗೆ ಗಾಜಿನ ಬಾಗಿಲಿನ ಅಂಗಡಿಗಳು, ಮೇಲೆ ಆಫೀಸುಗಳು. ಈಗಿರುವ ವ್ಯಾಪಾರಿಗಳಿಗೆ ಮೂರನೇ ಮಹಡಿಯಲ್ಲಿ ಜಾಗ. ಬೀದಿಗೆ ಗಾಡಿ ಬಿಡುವುದಿಲ್ಲ. ಮರ, ಬೆಂಚು, ಓಡಾಡುವ ಜನ. ಇದೆಲ್ಲ ಬೇಕೋ ಬೇಡವೋ ಎಂದು ಜನ ಹೇಳುವುದಕ್ಕೆ ನಗರಸಭೆ ಒಂದು ಸಭೆಯನ್ನೂ ಗೊತ್ತುಮಾಡಿತು.

ಬೀದಿ ಎರಡು ಪಾಲಾಯಿತು. ಬೇಕು ಅನ್ನುವವರಿಗೆ ಮುಂದಾಳು ಹೂಂ ಮಾವನ ಸ್ವಂತ ಅಣ್ಣ. ಬೀದಿಯ ಆ ಬದಿಗೆ ಅವನದು ಔಷಧಿ ಅಂಗಡಿ. ಬೇಡ ಅನ್ನುವವರಿಗೆ ಮುಂದಾಳು ಹೆಂಡತಿಯ ತಮ್ಮ. ಈ ಬದಿಗೆ, ಮೂರನೇ ಬಾಗಿಲಲ್ಲಿ, ಬೀಗ ರಿಪೇರಿ ಅವನ ಕೆಲಸ. ಇಬ್ಬರೂ ಗಡ್ಡ ಮಾಡಿಸಿಕೊಳ್ಳುವುದು ಎಲ್ಲಿ? ಇವನ ಹತ್ತಿರವೇ.

ಅಣ್ಣ ಬೆಳಿಗ್ಗೆ ಬಂದು ಗಲ್ಲ ಎತ್ತಿ ಕೂರುತ್ತಿದ್ದ. "ಜನವೆಲ್ಲ ಊರಾಚೆ ದೊಡ್ಡ ರಸ್ತೆ ಕಡೆ ಹೋಗ್ತಿದೆ ಕಣೋ. ಸಂಜೆ ಆದ್ರೆ ಇಲ್ಲಿ ನಾಯಿ ಬಿಟ್ರೆ ಯಾರಿದ್ದಾರೆ? ಇದು ಬರ್ಲಿಲ್ಲ ಅಂದ್ರೆ ನಾನು ಬಾಗಿಲು ಹಾಕ್ಬೇಕಾಗುತ್ತೆ."

"ಹೂಂ ಅಣ್ಣ."

ನಿಜವೇ ತಾನೆ? ಅಣ್ಣನ ಅಂಗಡಿಯ ಅರ್ಧ ಗೂಡುಗಳು ಖಾಲಿ ಹೊಡೆಯುವುದನ್ನು ಇವನೂ ಕಣ್ಣಾರೆ ಕಂಡಿದ್ದ. ಮೇಲಾಗಿ ಈ ಕ್ಷೌರದಂಗಡಿಯೂ ಅಪ್ಪನ ಕಾಲದ್ದು, ಹಿರಿಯನೆಂದು ಅಣ್ಣನಿಗೆ ಬರಬೇಕಾದದ್ದು. "ನಿನಗೆ ಇದು ಬಿಟ್ರೆ ಬೇರೆ ಗೊತ್ತಿಲ್ಲ, ನೀನೇ ಇಟ್ಕೊ" ಎಂದು ಬಿಟ್ಟುಕೊಟ್ಟು, ತಾನು ಇನ್ನೊಬ್ಬರ ಔಷಧಿ ಅಂಗಡಿಯಲ್ಲಿ ಕೈಯಾಳಾಗಿ ದುಡಿದು ಮೇಲೆ ಬಂದವನು ಅಣ್ಣ.

ಅಣ್ಣ ಹೋದ ಬೆನ್ನಿಗೇ ಭಾವಮೈದುನ ಹಾಜರು. "ಭಾವ, ಬೀಗ ಕೆಟ್ಟೋನು ಮೂರನೇ ಮಹಡಿ ಹತ್ಕೊಂಡು ಬರ್ತಾನಾ? ಬೀದಿಗೆ ಕಾಣೋ ಹಾಗೆ ಕೂತ್ರೇನೇ ನಮಗೆ ಅನ್ನ. ನಿಮ್ಮ ಗಿರಾಕಿಗಳೆಲ್ಲ ಮುದುಕರು. ಮೇಲಕ್ಕೆ ಕಳಿಸ್ತಾರೆ ಅಂದ್ರೆ ಕತ್ತು ಹಿಡಿದು ಆಚೆಗೆ ತಳ್ಳಿದ ಹಾಗೇ ಅಲ್ವಾ?"

"ಹೂಂ."

ಅದೂ ನಿಜವೇ! ಅಯ್ಯೋ, ಯಾವುದು ತಾನೇ ಸುಳ್ಳಾಗಿತ್ತು?

ಹೀಗೆ ಗಡ್ಡ ಕೆರೆಸಿಕೊಳ್ಳುತ್ತಲೇ ಇಬ್ಬರೂ, ಒಬ್ಬರದು ಒಬ್ಬರಿಗೆ ತಿಳಿಯದಂತೆ, ಸಭೆಯಲ್ಲಿ ತಮ್ಮ ಕಡೆಯಿಂದ ಮಾತಾಡುವವರಲ್ಲಿ ಹೂಂ ಮಾವನ ಹೆಸರು ಕೊಟ್ಟುಬಂದರು. ಕೇಳಿಯೇ ಕೊಟ್ಟರು. ಇವನು ಇಬ್ಬರಿಗೂ ಹೂಂ ಅಂದೇ ಇದ್ದ.

ಸುದ್ದಿ ತಿಳಿದ ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು. "ಅಲ್ರೀ, ಅಣ್ಣನಿಗೂ ಹೂಂ, ನನ್ನ ತಮ್ಮನಿಗೂ ಹೂಂ! ನಿಮಗೇನ್ ಬೇಕು ಅದು ಹೇಳಿ."

"ಅಣ್ಣ ಹೇಳೋದೂ ಸರಿ, ಇವನು ಹೇಳೋದೂ..."

"ಅಡ್ಡಗೋಡೆ ಮೇಲೆ ದೀಪ ಇಡ್ಬೇಡಿ. ನಾನು ಕೇಳಿದ್ದು ನಿಮ್ಮನ್ನ."

ತನಗೇನು ಬೇಕು? ಹಾಸಿಗೆಯಂಗಡಿಯವನ ಕ್ರಾಪು ಕತ್ತರಿಸುವಾಗ, ಕತ್ತಿ ಮಸೆಯುವಾಗ, ಊಟಕ್ಕೆ ಕೂತಾಗ ಅದನ್ನೇ ಯೋಚಿಸಿದ. ಯೋಚಿಸಿದಷ್ಟೂ ತಲೆ ಕಲಸುಮೇಲೋಗರವಾಯಿತು. ಒಳಗೆ ಹುಡುಕಿದರೆ ಒಮ್ಮೆ ಅಣ್ಣನ ದನಿ ಕೇಳಿಸುತ್ತಿತ್ತು, ಒಮ್ಮೆ ಭಾವಮೈದುನನದು. ತನ್ನದೊಂದು ದನಿ ಎಲ್ಲಿ ಹೋಗಿ ಸತ್ತಿತ್ತೋ! ಅವನಿಗೆ ನಾಚಿಕೆಯಾಯಿತು. ಹೆದರಿಕೆಯೂ ಆಯಿತು. ಯಾವ ಮಾತು ಆಡಿದರೂ ಇಬ್ಬರಲ್ಲೊಬ್ಬ ಕೈ ಬಿಟ್ಟುಹೋಗುತ್ತಾನಲ್ಲ.

ಸಭೆಯ ಮಧ್ಯಾಹ್ನ ನಗರಸಭೆಯ ಹಾಲು ಕಿಕ್ಕಿರಿದಿತ್ತು. ಫ್ಯಾನುಗಳು ಸದ್ದು ಮಾಡುವುದರಲ್ಲಿ ತೋರಿಸಿದ ಉತ್ಸಾಹವನ್ನು ಗಾಳಿ ಬೀಸುವುದರಲ್ಲಿ ತೋರಿಸಲಿಲ್ಲ. ಎಡಕ್ಕೆ ಅಣ್ಣನ ಕಡೆಯವರು, ಬಲಕ್ಕೆ ಭಾವಮೈದುನನ ಕಡೆಯವರು. ಹೂಂ ಮಾವ ಎಲ್ಲಿ ಕೂರುವುದೆಂದು ತಿಳಿಯದೆ ಬಾಗಿಲ ಹತ್ತಿರ ಗೋಡೆಗೆ ಆತುಕೊಂಡು ನಿಂತ. ವೇದಿಕೆಯ ಮೇಲೆ ಯೋಜನೆಯ ಅಧಿಕಾರಿ. ಇನ್ನೂ ಚಿಕ್ಕ ವಯಸ್ಸಿನ, ನಗುಮುಖದ ಹೆಣ್ಣುಮಗಳು. ಆಕೆ ಹೆಸರು ಓದಿದಳು, ಹಾಳೆ ಮಗುಚಿದಳು, ಹುಬ್ಬು ಗಂಟಿಕ್ಕಿದಳು.

"ಇವರ ಹೆಸರು ಎರಡೂ ಕಡೆ ಇದೆಯಲ್ಲ. ಇಬ್ಬರಿದ್ದಾರಾ?"

"ಒಬ್ಬನೇ ಮೇಡಂ, ಆದ್ರೆ ಇಬ್ಬರಿಗೂ ಸಾಕಾಗ್ತಾನೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಹಾಲಿಗೆ ಹಾಲೇ ನಕ್ಕಿತು. ಅಣ್ಣ ನಗಲಿಲ್ಲ. ಭಾವಮೈದುನನೂ ನಗಲಿಲ್ಲ.

ಅವನು ಮೈಕಿನ ಮುಂದೆ ಹೋಗಿ ನಿಂತ. ಗೋಡೆಯ ಮೇಲೆ ಹೊಸ ಬೀದಿಯ ದೊಡ್ಡ ಚಿತ್ರ ಬಿದ್ದಿತ್ತು. ಚೆನ್ನಾಗಿಯೇ ಇತ್ತು. ತನ್ನ ಅಂಗಡಿಯ ಜಾಗದಲ್ಲಿ ಕೊಡೆಗಳ ಕೆಳಗೆ ಕುರ್ಚಿ ಹಾಕಿಕೊಂಡು ಯಾರೋ ಕಾಫಿ ಕುಡಿಯುತ್ತಿದ್ದರು. ಅವನು ಚಿತ್ರದಲ್ಲಿ ಹುಡುಕಿದ. ತನ್ನ ಹತ್ತಿರ ಕೋಲೂರಿಕೊಂಡು ಬರುವ ರಿಟೈರ್ಡ್ ಮೇಷ್ಟ್ರು ಇರಲಿಲ್ಲ. ಒಂದು ಕಣ್ಣು ಕಾಣದ ದರ್ಜಿ ಇರಲಿಲ್ಲ.

"ಮೂರನೇ ಮಹಡಿ ಬೇಡ," ಎಂದುಬಿಟ್ಟ. ಮಾತು ತನ್ನದೇ ಎಂದು ನಂಬುವುದಕ್ಕೆ ಅವನಿಗೇ ಒಂದು ಗಳಿಗೆ ಹಿಡಿಯಿತು.

ಬಲಗಡೆಯಿಂದ ಚಪ್ಪಾಳೆಯೋ ಚಪ್ಪಾಳೆ. ಭಾವಮೈದುನ ಎದ್ದು ನಿಂತು ಸಿಳ್ಳೆ ಹೊಡೆದ. ಅಣ್ಣ ತಲೆ ತಗ್ಗಿಸಿದ.

ಅಣ್ಣನ ಬೋಳುನೆತ್ತಿ ಕಂಡದ್ದೇ ತಡ, ಇವನ ಬಾಯಿ ಮತ್ತೆ ತೆರೆಯಿತು. "ಹಾಗಂತ ಹೀಗೇ ಇರೋದೂ ಬೇಡ. ಚರಂಡಿ ಗಬ್ಬು ನಾರುತ್ತೆ. ಸಂಜೆ ಜನ ಇಲ್ಲ. ಅಂಗಡಿಗಳು ಒಂದೊಂದೇ ಮುಚ್ಚಿಹೋಗ್ತಿವೆ."

ಚಪ್ಪಾಳೆ ಕೈಯಲ್ಲೇ ನಿಂತುಹೋಯಿತು.

"ಹಾಗಾದ್ರೆ ಏನ್ ಮಾಡಬೇಕು ಅಂತೀರಿ?" ಅಧಿಕಾರಿ ಕೇಳಿದಳು. ಕುಹಕವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದಳು.

ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. "ಗೊತ್ತಿಲ್ಲ ಮೇಡಂ."

ಇಷ್ಟೇ ಅವನ ಭಾಷಣ. ಆಕೆ ಏನೋ ಗುರುತು ಹಾಕಿಕೊಂಡು ಮುಂದಿನ ಹೆಸರು ಕರೆದಳು. ಇನ್ನೊಂದು ಸಭೆ ಆಗುವ ತನಕ ಹಳೇ ಬೀದಿಯ ಯೋಜನೆಯನ್ನು ತಡೆಹಿಡಿಯುವುದೆಂದು ಕೊನೆಗೆ ತೀರ್ಮಾನವಾಯಿತು. ಮೆಟ್ಟಿಲಿಳಿಯುವಾಗ ಭಾವಮೈದುನ, "ನಿಮಗೆ ತಲೆ ನೆಟ್ಟಗಿದೆಯಾ ಭಾವ?" ಎಂದು ಹರಿಹಾಯ್ದ. ಅವನ ಕೋಪ ಬಾಳುವಂಥದ್ದಲ್ಲ. ಎರಡೇ ದಿನಕ್ಕೆ ಬಂದು ಕುರ್ಚಿಯಲ್ಲಿ ಕೂತು ಮತ್ತೆ ಹರಟೆ ಶುರುಮಾಡಿದ. ಅಣ್ಣ ಮಾತ್ರ ಅಂದು ಹೋದವನು ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಇವನು ಕನ್ನಡಿಯಲ್ಲಿ ನೋಡುತ್ತಿದ್ದ. ಕನ್ನಡಿಯಲ್ಲಿ ಬೀದಿ ಕಾಣುತ್ತದೆ, ಬೀದಿಯಾಚೆ ಅಣ್ಣ ಕಾಣುತ್ತಾನೆ. ಬೇರೆ ಕಡೆ ಗಡ್ಡ ಮಾಡಿಸಿಕೊಂಡಿದ್ದರೂ ಸಮಾಧಾನವಾಗುತ್ತಿತ್ತೇನೋ. ಅದೂ ಇಲ್ಲ. ದಿನ ದಿನಕ್ಕೆ ಕೆನ್ನೆ ತುಂಬ ಬಿಳಿ ಗಡ್ಡ ಬೆಳೆಸಿಕೊಂಡು, ಖಾಲಿ ಗೂಡುಗಳ ಮುಂದೆ ಮುಖ ಊದಿಸಿಕೊಂಡು ಕೂತಿರುತ್ತಿದ್ದ. ನೋಡಿ ನೋಡಿ ಇವನಿಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಮೇಷ್ಟ್ರನ್ನು ಅರ್ಧ ಕ್ರಾಪಿನಲ್ಲೇ ಕೂರಿಸಿ, "ಬಂದೆ ಸಾರ್" ಎಂದವನೇ ಕತ್ತಿ, ಬ್ರಶ್ಶು, ಟವೆಲು ಎತ್ತಿಕೊಂಡು ಬೀದಿ ದಾಟಿದ.

ಅಣ್ಣ ಕತ್ತೆತ್ತಲಿಲ್ಲ. ಇವನು ಸುಮ್ಮನೆ ಅವನ ಹಿಂದೆ ಹೋಗಿ ಕೊರಳಿಗೆ ಟವೆಲು ಸುತ್ತಿದ. ಅಣ್ಣ ಬೇಡ ಅನ್ನಲಿಲ್ಲ.

"ಒಂದು ಕೇಳ್ತೀನಿ," ಅಣ್ಣನ ದನಿ ಒರಟಾಗಿತ್ತು. "ಇಷ್ಟು ದಿನ ನನ್ನ ಮಾತಿಗೆ ಹೂಂ ಅಂದಿದ್ದು ಸುಳ್ಳಾ?"

"ಸುಳ್ಳಲ್ಲ ಅಣ್ಣ. ನೀನು ಹೇಳೋವಾಗ ನನಗೂ ಹಾಗೇ ಅನ್ನಿಸ್ತಿತ್ತು."

"ಮತ್ತೆ ಅಲ್ಲಿ ಯಾಕೆ ಹಾಗಂದೆ?"

"ಅಲ್ಲಿ ನೀನು ದೂರ ಕೂತಿದ್ದೆ."

ಅಣ್ಣ ಬೀದಿಯ ಕಡೆ ನೋಡುತ್ತ, "ನನ್ನ ಅಂಗಡಿ ಮುಚ್ಚಿಹೋಗುತ್ತೆ ಕಣೋ," ಅಂದ.

ಅದಕ್ಕೆ ಮಾತ್ರ ಹೂಂ ಅನ್ನುವುದಕ್ಕೆ ಇವನಿಗೆ ಬಾಯಿ ಬರಲಿಲ್ಲ. ಮೆಲ್ಲಗೆ ಅಣ್ಣನ ಗಲ್ಲ ಎತ್ತಿದ. ಅಣ್ಣನ ಕಣ್ಣಲ್ಲಿ ನೀರಿತ್ತು. ಕಣ್ಣಿಗೆ ಸೋಪು ಹೋಯಿತೆನ್ನುತ್ತ ಟವೆಲಿನ ತುದಿಯಿಂದ ಒರೆಸಿದ. ಸೋಪು ಇನ್ನೂ ಹಚ್ಚಿರಲೇ ಇಲ್ಲ.